ಪಾಠದ ವಿಡಿಯೊಗೆ ದುಬಾರಿ ಸಾಫ್ಟ್‌ವೇರ್ ಬೇಕೆ?

ಮಕ್ಕಳು ಪಾಠವನ್ನು ಮನೆಯಲ್ಲೇ ವಿಡಿಯೊದಲ್ಲಿ ನೋಡಿ ಬರುವುದು, ಲೆಕ್ಕ ಹಾಗೂ ಸಂಶಯ ಪರಿಹಾರಕ್ಕೆ ತರಗತಿಯ ಸಮಯವನ್ನು ಬಳಸುವುದು. ಇದಕ್ಕೆ ಫ್ಲಿಪ್ಡ್ ಕ್ಲಾಸ್‌ರೂಮ್ ಎನ್ನುತ್ತಾರೆ. ಅಮೆರಿಕದ ಕೊಲರಾಡೊದಲ್ಲಿ ಜೊನಾಥನ್ ಬರ್ಗ್‌ಮನ್, ಆರನ್ ಸ್ಯಾಮ್ಸ್ ಎಂಬ ಇಬ್ಬರು ರಸಾಯನಶಾಸ್ತ್ರ ಶಿಕ್ಷಕರು 2007ರಲ್ಲಿ, ತರಗತಿಗೆ ಬರಲಾಗದ ಮಕ್ಕಳಿಗಾಗಿ ಪಾಠ ರೆಕಾರ್ಡ್ ಮಾಡತೊಡಗಿದ ಮೇಲೆ ಇದು ಹೆಸರಾಯಿತು.

ಮುಂಬಯಿಯ ಕನ್ನಡ ಮಾಧ್ಯಮ ಶಾಲೆಗಳಿಗೆ ಇದು ಉಳಿದವರಿಗಿಂತ ಹೆಚ್ಚು ಅಗತ್ಯ. ಇಲ್ಲಿಯ ಮಕ್ಕಳು ಓದುವುದು ಪುಣೆಯ ಬಾಲಭಾರತಿ ಹೊರತರುವ ಕನ್ನಡ ಪುಸ್ತಕ. ಕರ್ನಾಟಕದ ಪಠ್ಯಕ್ಕಾಗಿ ಮಾಡಿದ ವಿಡಿಯೊಗಳು ಇದಕ್ಕೆ ಅಧ್ಯಾಯಕ್ಕೆ ಅಧ್ಯಾಯ ಹೊಂದುವುದಿಲ್ಲ. ಇಲ್ಲಿಯ ಶಿಕ್ಷಕರೇ ಮಾಡಿಕೊಳ್ಳದೆ ಬೇರೆ ದಾರಿಯಿಲ್ಲ.

ಆದರೆ ಯಾವ ಸಾಫ್ಟ್‌ವೇರ್ ಎಂಬ ಚರ್ಚೆಯಲ್ಲೇ ಅರ್ಧ ಉತ್ಸಾಹ ಆರಿಹೋಗುವುದುಂಟು. ಕ್ಯಾಮ್ಟೇಶಿಯಾ ಒಳ್ಳೆಯದೇ, ಆದರೆ ಹಣ ತೆರಬೇಕು. ಕಂಪ್ಯೂಟರಿನ ಪರದೆಯನ್ನು ರೆಕಾರ್ಡ್ ಮಾಡಲು ಒಬಿಎಸ್ ಸ್ಟುಡಿಯೊ ಉಚಿತ. ಪವರ್‌ಪಾಯಿಂಟ್ ಇದ್ದವರು ಸ್ಲೈಡ್‌ಗಳಿಗೆ ಧ್ವನಿ ಸೇರಿಸಿ ಅದರಲ್ಲೇ ವಿಡಿಯೊ ಮಾಡಿಕೊಳ್ಳಬಹುದು. (ಟೈಪಿಂಗ್ ಮಾತ್ರ ಯುನಿಕೋಡ್‌ನಲ್ಲಿರಲಿ, ಹಳೆಯ ಫಾಂಟ್‌ಗಳ ಕನ್ನಡ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಏನೇನೋ ಚಿಹ್ನೆಯಾಗಿ ಕಾಣುತ್ತದೆ.) ಗಣಿತಕ್ಕಂತೂ ಇದಾವುದೂ ಬೇಡ. ಮೇಜಿನ ಮೇಲೊಂದು ಬಿಳಿ ಹಾಳೆ, ಅದರ ಮೇಲೆ ಸ್ಟ್ಯಾಂಡಿಗೆ ಸಿಕ್ಕಿಸಿದ ಮೊಬೈಲು. ಬರೆಯುವ ಕೈ ಕಂಡರೆ ಸಾಕು, ಮುಖ ಕಾಣಬೇಕಿಲ್ಲ. ಖರ್ಚು ಮಾಡುವುದಾದರೆ ಅಂಗಿಗೆ ಸಿಕ್ಕಿಸುವ ಒಂದು ಮೈಕ್ ಕೊಳ್ಳಲಿ. ಚಿತ್ರ ತುಸು ಮಸುಕಾದರೂ ಮಕ್ಕಳು ಸಹಿಸುತ್ತಾರೆ, ಫ್ಯಾನಿನ ಸದ್ದು, ಲೋಕಲ್ ರೈಲಿನ ಸದ್ದಿನಲ್ಲಿ ಮುಳುಗಿದ ಪಾಠವನ್ನು ಎರಡೇ ನಿಮಿಷಕ್ಕೆ ಬಿಟ್ಟೇಳುತ್ತಾರೆ.

ಉಪಕರಣ ಆರಿಸುವಾಗ ಶಿಕ್ಷಕರ ಲ್ಯಾಪ್‌ಟಾಪಿಗಿಂತ ಮಗುವಿನ ಮನೆಯನ್ನು ನೋಡಬೇಕು. ಹೋಟೆಲಿನಲ್ಲಿ ದುಡಿಯುವ ತಂದೆ ರಾತ್ರಿ 11ಕ್ಕೆ ಮನೆಗೆ ಬಂದ ಮೇಲಷ್ಟೇ ಮೊಬೈಲು ಕೈಗೆ ಸಿಗುವ ಮಗು 40 ನಿಮಿಷದ ವಿಡಿಯೊ ನೋಡೀತೆ? ಆರೇಳು ನಿಮಿಷದ, ಚಿಕ್ಕ ಫೈಲಿನ ಪಾಠವಾದರೆ ನೋಡೀತು. ಮೊಬೈಲೇ ಇಲ್ಲದ ಮಕ್ಕಳಿಗಾಗಿ ಶಾಲೆಯ ಕಂಪ್ಯೂಟರ್ ಕೋಣೆಯನ್ನು ಸಂಜೆ ಅರ್ಧ ಗಂಟೆ ತೆರೆದಿಡಲೇಬೇಕು. ಇಲ್ಲವಾದರೆ ಅವರು ಮನೆಯಲ್ಲೂ ಪಾಠವಿಲ್ಲ, ತರಗತಿಯಲ್ಲೂ ಪಾಠವಿಲ್ಲ ಎಂಬ ಸ್ಥಿತಿಗೆ ಬೀಳುತ್ತಾರೆ.

ಪ್ರತಿ ಶಾಲೆಯೂ ಎಲ್ಲ ಪಾಠ ಮಾಡಬೇಕಾಗಿಲ್ಲ. ಒಂದು ಶಾಲೆ ಎಂಟನೆಯ ತರಗತಿಯ ವಿಜ್ಞಾನ, ಇನ್ನೊಂದು ಗಣಿತ ಎಂದು ಹಂಚಿಕೊಳ್ಳಬಹುದು. ಮಹಾನಗರದ ಸಂಘ-ಸಂಸ್ಥೆಗಳು ವಾರ್ಷಿಕೋತ್ಸವದ ಶಾಲು, ಹಾರ, ಸ್ಮರಣಿಕೆಗಳ ಖರ್ಚನ್ನು ತುಸು ತಗ್ಗಿಸಿದರೆ ಒಂದೊಂದು ಶಾಲೆಗೂ ಮೈಕ್, ಸ್ಟ್ಯಾಂಡ್ ಬರುತ್ತವೆ. ಜೂನ್‌ನಲ್ಲಿ ಶಾಲೆ ತೆರೆಯುವುದರೊಳಗೆ ಮೊದಲ ನಾಲ್ಕಾರು ಪಾಠಗಳಾದರೂ ಸಿದ್ಧವಾಗಲಿ.