ಬುತ್ತಿ ಡಬ್ಬಿ ಹಿಡಿದ ಹಾಡುಗಾರ

ಮಕ್ಕಳೇ, "ಹಾಡಿದರೆ ಹೊಟ್ಟೆ ತುಂಬುತ್ತದೆಯೇ?" ಎಂಬ ಮಾತು ನಿಮ್ಮ ಮನೆಯಲ್ಲೂ ಕೇಳಿಬಂದಿರಬಹುದು. ಅಜ್ಜ-ಅಜ್ಜಿಯರು ಅದನ್ನು ಕಾಳಜಿಯಿಂದಲೇ ಕೇಳುತ್ತಾರೆ. ಬ್ಯಾಂಕಿನಲ್ಲಿ ಕುಳಿತು ಜಮಾ-ಖರ್ಚು ಬರೆದೇ ತಲೆ ಹಣ್ಣಾದ ನನಗೂ ಅದು ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಬಾಳಿ ತೋರಿಸಿ ಉತ್ತರ ಕೊಟ್ಟವರೊಬ್ಬರ ಕಥೆ ಈ ವಾರ.

ಅವರು ಬಿಲ್ ವಿದರ್ಸ್. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಸ್ಲ್ಯಾಬ್ ಫೋರ್ಕ್ ಎಂಬ ಪುಟ್ಟ ಗಣಿ ಊರಿನಲ್ಲಿ 1938ರ ಜುಲೈ 4ರಂದು ಹುಟ್ಟಿದರು. ಆರು ಮಕ್ಕಳಲ್ಲಿ ಕೊನೆಯವರು. ಹದಿಮೂರನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡರು. ಸಾಲದ್ದಕ್ಕೆ ಮಾತಿನಲ್ಲಿ ಉಗ್ಗು. ಬಾಯಿ ತೆರೆದರೆ ಪದವೇ ಹೊರಡದು. ಆ ಹುಡುಗನಿಗೆ ಅಜ್ಜಿಯೇ ದೊಡ್ಡ ಆಸರೆ.

ಮುಂದೆ ಒಂಬತ್ತು ವರ್ಷ ನೌಕಾಪಡೆಯಲ್ಲಿ ದುಡಿದರು. ಅಲ್ಲಿದ್ದಾಗಲೇ ಉಗ್ಗನ್ನು ಗೆದ್ದರು, ಹಾಡು ಕಟ್ಟುವ ಆಸೆಯೂ ಹುಟ್ಟಿತು. 1967ರಲ್ಲಿ ಲಾಸ್ ಏಂಜಲೀಸ್ ನಗರಕ್ಕೆ ಬಂದು, ವಿಮಾನದ ಶೌಚಾಲಯಗಳನ್ನು ತಯಾರಿಸುವ ಕಾರ್ಖಾನೆಗೆ ಸೇರಿದರು. ಹಗಲೆಲ್ಲ ದುಡಿಮೆ. ಉಳಿಸಿದ ಸಂಬಳದಲ್ಲಿ ತಾವೇ ಖರ್ಚು ಮಾಡಿ ಹಾಡುಗಳನ್ನು ಧ್ವನಿಮುದ್ರಿಸಿ, ಕೇಳುವವರಿದ್ದಾರೆಯೇ ಎಂದು ಕಂಪನಿಗಳ ಬಾಗಿಲು ತಟ್ಟಿದರು.

ಕೊನೆಗೆ ಸಸೆಕ್ಸ್ ಎಂಬ ಸಣ್ಣ ಕಂಪನಿ ಒಪ್ಪಿತು. 1971ರಲ್ಲಿ ಮೊದಲ ಆಲ್ಬಂ ಬಂದಾಗ ಅವರ ವಯಸ್ಸು ಮೂವತ್ತು ದಾಟಿತ್ತು. ಅದರ ಹೊದಿಕೆಯ ಚಿತ್ರ ನೋಡಿ: ಕಾರ್ಖಾನೆಯ ಹೊರಗೆ, ಊಟದ ಬಿಡುವಿನಲ್ಲಿ, ಬುತ್ತಿ ಡಬ್ಬಿ ಹಿಡಿದು ನಿಂತಿದ್ದಾರೆ! ಸಂಗೀತದ ಸಂಪಾದನೆಯನ್ನು ನಂಬುವಂತಿಲ್ಲ ಎಂದು ಅವರು ಆಗಿನ್ನೂ ಕೆಲಸ ಬಿಟ್ಟಿರಲಿಲ್ಲ. ಒಂದು ಹಾಡು ಭರ್ಜರಿಯಾಗಿ ಮಾರಾಟವಾದಾಗ ಕಂಪನಿಯವರು ತಮಾಷೆಗೆ ಚಿನ್ನದ ಬಣ್ಣದ ಶೌಚಾಲಯದ ಆಸನವನ್ನೇ ಉಡುಗೊರೆ ಕೊಟ್ಟರಂತೆ.

ಆ ಆಲ್ಬಮ್ಮಿನಲ್ಲಿ ಅಜ್ಜಿಯ ಕೈಗಳ ಮೇಲೆಯೇ ಒಂದು ಹಾಡಿದೆ. ಚರ್ಚಿನಲ್ಲಿ ಚಪ್ಪಾಳೆ ತಟ್ಟುವ ಕೈ, ನೋವಿನಿಂದ ಊದಿಕೊಳ್ಳುವ ಕೈ, ಬಿದ್ದ ಮೊಮ್ಮಗನನ್ನು ಎತ್ತಿಕೊಳ್ಳುವ ಕೈ. ಚರ್ಚಿನ ಹಾಡಿನಿಂದ ಬೆಳೆದ ಕಪ್ಪು ಜನರ 'ಸೋಲ್' ಸಂಗೀತದ ಆಳ, ಗಿಟಾರ್ ನುಡಿಸುತ್ತ ಕಥೆ ಹೇಳುವ ಹಳ್ಳಿಗಾಡಿನ 'ಕಂಟ್ರಿ' ಸಂಗೀತದ ಸರಳತೆ, ಎಲ್ಲರ ನಾಲಿಗೆಗೂ ಹತ್ತುವ 'ಪಾಪ್' ಗುಣ, ಮೂರೂ ಅವರ ಹಾಡುಗಳಲ್ಲಿ ಹಾಲು-ಸಕ್ಕರೆಯಂತೆ ಬೆರೆತಿವೆ. ಕಷ್ಟದಲ್ಲಿ ಒಬ್ಬರಿಗೊಬ್ಬರು ಹೆಗಲಾಗುವ ಊರವರನ್ನು ನೆನೆದು ಕಟ್ಟಿದ 'ಲೀನ್ ಆನ್ ಮಿ' 1972ರಲ್ಲಿ ಅಮೆರಿಕದಲ್ಲೇ ಮೊದಲ ಸ್ಥಾನಕ್ಕೇರಿತು.

ಮುಂದೆ ದೊಡ್ಡ ಕಂಪನಿಯ ಅಧಿಕಾರಿಗಳು ಹೀಗೆ ಹಾಡು, ಹಾಗೆ ಹಾಡು ಎನ್ನತೊಡಗಿದಾಗ ಅವರಿಗೆ ಬೇಸರವಾಯಿತು. 1985ರ ನಂತರ ಹೊಸ ಆಲ್ಬಂ ತರಲೇ ಇಲ್ಲ. 2020ರ ಮಾರ್ಚ್ 30ರಂದು ತೀರಿಕೊಂಡರು. ಕೊರೊನಾದ ಆ ದಿನಗಳಲ್ಲಿ ಜನ ಧೈರ್ಯಕ್ಕಾಗಿ ಹಾಡಿಕೊಳ್ಳುತ್ತಿದ್ದ ಹಾಡುಗಳಲ್ಲಿ ಅವರದ್ದೂ ಒಂದು.

ಮಕ್ಕಳೇ, ಹಾಡು ಬರೆಯುವ ಆಸೆಯಿದ್ದರೆ ಬರೆಯಿರಿ. ಶಾಲೆಯ ಚೀಲವನ್ನೂ ಬಿಡಬೇಡಿ. ಬುತ್ತಿ ಡಬ್ಬಿ ಹಿಡಿದ ಕೈ ಗಿಟಾರನ್ನೂ ಹಿಡಿಯಬಲ್ಲದು. ಅಜ್ಜ-ಅಜ್ಜಿಯರೇ, ನಿಮ್ಮದೂ ಒಂದು ಕೆಲಸವಿದೆ. ಮನೆಯಲ್ಲಿ ಮಾತು ತಡವರಿಸುವ ಮಗುವಿದ್ದರೆ ಅದರ ವಾಕ್ಯವನ್ನು ನೀವು ಮುಗಿಸಬೇಡಿ. ಕೈ ಹಿಡಿದು, ಅದೇ ಮುಗಿಸುವವರೆಗೆ ಕಾಯಿರಿ. ಆ ಗಂಟಲಲ್ಲಿ ಯಾವ ಹಾಡಿದೆಯೋ, ಯಾರು ಬಲ್ಲರು?