ಮೇಷ್ಟ್ರ ಕೆಂಪು ಪಾಲಿಯೋ



ಮಲೆನಾಡಿನ ಮಳೆಯ ನೆನಪುಗಳನ್ನು ಹಿಂದಿನ ಬರಹದಲ್ಲಿ ಅರ್ಧಕ್ಕೆ ನಿಲ್ಲಿಸಿದ್ದೆ. ಅದನ್ನು ಮುಂದುವರಿಸುವ ಮೊದಲು ನಮ್ಮ ಮನೆಯಲ್ಲಿ ನಡೆದಿರುವ ಒಂದು ವ್ಯಾಜ್ಯವನ್ನು ನಿಮ್ಮ ಮುಂದಿಡಬೇಕಾಗಿದೆ. ಮೊಮ್ಮಗನಿಗೆ ಹತ್ತೊಂಬತ್ತು ತುಂಬಿತು. ರಜೆಯಲ್ಲಿ ಬಂದು ನನ್ನ ಹಳೆಯ ಕಾರಿನಲ್ಲೇ ಚಾಲನೆ ಕಲಿಯುವೆನೆಂದು ಹಟ ಹಿಡಿದಿದ್ದಾನೆ. "ಅಪ್ಪಾ, ಈ ಕಾಲದಲ್ಲಿ ಕ್ಲಚ್ಚು, ಗೇರು ಯಾರಿಗೆ ಬೇಕು? ನಿಮ್ಮ ಹುಚ್ಚನ್ನು ಅವನಿಗೂ ಹಿಡಿಸಬೇಡಿ" ಎಂಬುದು ಮಗಳ ವಾದ. ಹುಚ್ಚು ಎಂಬುದನ್ನು ಒಪ್ಪುತ್ತೇನೆ. ಬೇಡ ಎಂಬುದನ್ನು ಒಪ್ಪಲಾರೆ.

ನನ್ನ ಕೊನೆಯ ವರ್ಷಗಳ ವಿದ್ಯಾರ್ಥಿಗಳಿಗೆ ಆ ಕಾರು ನೆನಪಿರಬಹುದು. 2002ರಲ್ಲಿ ತಯಾರಾದ ಕೆಂಪು ಬಣ್ಣದ ಫಿಯಟ್ ಪಾಲಿಯೋ 1.6. 2001ರಲ್ಲಿ ಪಾಲಿಯೋ ನಮ್ಮ ಮಾರುಕಟ್ಟೆಗೆ ಬಂದಾಗ ಅದರ ಜಾಹೀರಾತಿನಲ್ಲಿ ಸಚಿನ್ ತೆಂಡೂಲ್ಕರ್ ಇದ್ದರು. ನಾನು ಕೊಂಡದ್ದು 2007ರಲ್ಲಿ, ಎರಡನೆಯ ಕೈಯಿಂದ. ಮೊದಲಿನ ಒಡೆಯರು ಪೆಟ್ರೋಲಿನ ಖರ್ಚಿಗೆ ಹೆದರಿ ಮಾರಿದ್ದರು. ಅವರ ಹೆದರಿಕೆ ಸಕಾರಣವಾಗಿತ್ತೆಂದು ಮೊದಲ ತಿಂಗಳಲ್ಲೇ ತಿಳಿಯಿತು. ಆದರೆ ಆ ಪುಟ್ಟ ಒಡಲಿನಲ್ಲಿ ಸುಮಾರು ನೂರು ಅಶ್ವಶಕ್ತಿಯ ಎಂಜಿನ್ನು! ಮಾರುತಿ 800 ಓಡಿಸುತ್ತಿದ್ದವನಿಗೆ ಅದು ಬೇರೆಯೇ ಲೋಕ.

ಸಾಮಾನ್ಯ ಸಂಸಾರದ ಕಾರಿನ ಮೈಯೊಳಗೆ ಓಟದ ಕುದುರೆಯ ಹುರುಪನ್ನಿಡುವ ಈ ಪರಂಪರೆಯನ್ನು 'ಹಾಟ್ ಹ್ಯಾಚ್' ಎನ್ನುತ್ತಾರೆ. 1960ರ ದಶಕದಲ್ಲಿ ಬ್ರಿಟನ್ನಿನ ಪುಟ್ಟ ಮಿನಿ ಕೂಪರ್ ಮಾಂಟೆ ಕಾರ್ಲೋ ರ‍್ಯಾಲಿಯಲ್ಲಿ ದೊಡ್ಡ ದೊಡ್ಡ ಕಾರುಗಳನ್ನು ಮೂರು ಬಾರಿ ಸೋಲಿಸಿತ್ತು. ಆದರೂ ಪಂಥ ಬೆಳೆದದ್ದು 1976ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐಯಿಂದ. ಅದರದೂ 1.6 ಲೀಟರಿನ ಎಂಜಿನ್ನೇ, 110 ಅಶ್ವಶಕ್ತಿ. ಗೇರುಕೋಲಿನ ತುದಿಯಲ್ಲಿ ಗಾಲ್ಫ್ ಚೆಂಡಿನಂಥ ಗುಂಡು. ಅಂಗೈಯಲ್ಲಿ ಅದನ್ನು ಹಿಡಿಯುವುದೇ ಒಂದು ಸುಖವೆಂದು ಬಲ್ಲವರು ಹೇಳುತ್ತಾರೆ. ಅದೇ ಹೆಸರಿನ ಕಾರು 2025ರಲ್ಲಿ ಕೊನೆಗೂ ಭಾರತಕ್ಕೆ ಬಂತು; ಐವತ್ತು ಲಕ್ಷಕ್ಕೂ ಮೀರಿದ ಬೆಲೆಗೆ, ಕೈಯಿಂದ ಗೇರು ಬದಲಿಸುವ ಕೋಲೂ ಕ್ಲಚ್ಚಿನ ಪೆಡಲೂ ಇಲ್ಲದೆ. ಚೆಂಡು ಹೋಯಿತು, ಹೆಸರು ಉಳಿಯಿತು.

ಕೈಯಿಂದ ಗೇರು ಬದಲಿಸುವುದರಲ್ಲಿ ಅಂಥದ್ದೇನಿದೆ ಎಂದು ಕೇಳುವವರನ್ನು ಚಾರ್ಮಾಡಿ ಘಾಟಿಗೆ ಕರೆದೊಯ್ಯಬೇಕು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಇಳಿಯತೊಡಗಿದರೆ ತಿರುವಿನ ಮೇಲೆ ತಿರುವು. ಇಳಿಜಾರಿನುದ್ದಕ್ಕೂ ಬ್ರೇಕನ್ನೇ ನಂಬಿದರೆ ಕಾರಿನ ಚಲನಶಕ್ತಿಯೆಲ್ಲ ಶಾಖವಾಗಿ ಬ್ರೇಕಿನಲ್ಲೇ ತುಂಬಿ, ಅದು ಹಿಡಿತ ಕಳೆದುಕೊಳ್ಳುತ್ತದೆ. ಎರಡನೆಯ ಗೇರಿಗೆ ಇಳಿಸಿದರೆ ಎಂಜಿನ್ನೇ ಕಾರನ್ನು ತಡೆದು ಹಿಡಿಯುತ್ತದೆ. ಹಾಗೆ ಇಳಿಸುವಾಗ ಬಲಪಾದದ ಮುಂಭಾಗ ಬ್ರೇಕಿನ ಮೇಲಿರಬೇಕು. ಅದೇ ಪಾದದ ಅಂಚಿನಿಂದ ಆಕ್ಸಿಲರೇಟರನ್ನು ಕ್ಷಣಮಾತ್ರ ಒತ್ತಿ ಎಂಜಿನ್ನಿನ ವೇಗವನ್ನು ಚಕ್ರಗಳ ವೇಗಕ್ಕೆ ಹೊಂದಿಸಬೇಕು. ಸರಿಯಾಗಿ ಮಾಡಿದರೆ ಪಕ್ಕದಲ್ಲಿ ಕುಳಿತವರಿಗೆ ಗೇರು ಬದಲಾದದ್ದೇ ತಿಳಿಯದು. ನನಗೆ ಅದು ಒಲಿಯಲು ಎರಡು ವರ್ಷ ಬೇಕಾಯಿತು. ಈಗಲೂ ಹತ್ತರಲ್ಲಿ ಮೂರು ಬಾರಿ ತಪ್ಪುತ್ತೇನೆ. ನಿಮ್ಮ ಗುರುಮಾತೆ ಒಡನೆಯೇ ಎಣಿಕೆ ಹೇಳುತ್ತಾಳೆ. ಘಾಟಿಯ ಆ ಅರ್ಧ ಗಂಟೆಯಲ್ಲಿ ಮನಸ್ಸು ಅತ್ತಿತ್ತ ಹೋಗಲಾರದು. ಜಪಕ್ಕೆ ಕುಳಿತಾಗ ಅಷ್ಟು ಏಕಾಗ್ರತೆ ನನಗೆಂದೂ ದೊರೆತಿಲ್ಲ.

ಇಷ್ಟೇ ಆಗಿದ್ದರೆ ಈ ಬರಹ ಬೇಕಿರಲಿಲ್ಲ. ಮಗಳಿಗೂ ನನಗೂ ನೆನಪಿರುವ, ಇಬ್ಬರೂ ಬಾಯಿಬಿಟ್ಟು ಆಡದ ಪ್ರಸಂಗವೊಂದಿದೆ. 2010ರ ಮಳೆಗಾಲ. ಪಾಲಿಯೋದ ಮೋಹ ಹತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಭಾನುವಾರಗಳಂದು ಬಂದು ನನ್ನೊಡನೆ ಬಾನೆಟ್ಟಿನಡಿ ಕೈ ಕೊಳೆ ಮಾಡಿಕೊಳ್ಳುತ್ತಿದ್ದ. ಆಮೇಲೆ ತಾನೂ ಒಂದು ಹಳೆಯ ಸಣ್ಣ ಕಾರನ್ನು ಕೊಂಡ. ಸೈಲೆನ್ಸರು ತೆಗೆಸಿ ಸದ್ದು ಮಾಡಿಸಿದ. ಕಾರು ತಗ್ಗಾಗಿ ಕಾಣಲೆಂದು ನಾಲ್ಕೂ ಚಕ್ರಗಳ ಸ್ಪ್ರಿಂಗುಗಳನ್ನು ಕತ್ತರಿಸಿದ. ಸ್ಪ್ರಿಂಗನ್ನು ತುಂಡರಿಸಿದರೆ ಉಳಿದ ಭಾಗ ಇನ್ನಷ್ಟು ಬಿರುಸಾಗುತ್ತದೆಂದು ತರಗತಿಯಲ್ಲಿ ತೂಕ ನೇತುಹಾಕಿ ತೋರಿಸಿದವನು ನಾನೇ. ಬಿರುಸಾದರೆ ತಿರುವಿನಲ್ಲಿ ಕಾರು ವಾಲದೆಂದು ಅವನು ಲೆಕ್ಕ ಹಾಕಿದ್ದ. ಮೂಲ ಸ್ಪ್ರಿಂಗಿಗೆಂದು ಮಾಡಿದ ಷಾಕ್ ಅಬ್ಸಾರ್ಬರು ಆ ಬಿರುಸನ್ನು ತಡೆಯದು, ಹೊಂಡ ಸಿಕ್ಕಿದಾಗ ಚಕ್ರ ನೆಲ ಬಿಟ್ಟು ಪುಟಿಯುತ್ತದೆ, ಕತ್ತರಿಸಿದ ಸ್ಪ್ರಿಂಗು ತನ್ನ ಪೀಠದಿಂದಲೇ ಜಾರಬಹುದು ಎಂಬ ಉಳಿದರ್ಧ ಪಾಠವನ್ನು ನಾನು ಹೇಳಿರಲಿಲ್ಲ. ಆ ಕಾರನ್ನು ಕಂಡಾಗ "ಭೇಷ್" ಎಂದು ನಕ್ಕಿದ್ದೆ. ಎರಡು ವಾರದೊಳಗೆ ಅವನು ಘಾಟಿಯ ತಿರುವಿನಲ್ಲಿ ಚರಂಡಿಗೆ ಉರುಳಿದ. ಪ್ರಾಣ ಉಳಿಯಿತು; ಬಲಗಾಲು ಇಂದಿಗೂ ಸ್ವಲ್ಪ ಎಳೆಯುತ್ತದೆ. ಅವನ ತಾಯಿ ನಮ್ಮ ಜಗಲಿಯಲ್ಲಿ ನಿಂತು, "ಮೇಷ್ಟ್ರೇ, ನೀವಾದರೂ ಬೇಡ ಅನ್ನಬಾರದಿತ್ತೇ?" ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಹಾಗಾಗಿ ಮಾರ್ಪಾಟಿನ ವಿಚಾರದಲ್ಲಿ ನನ್ನ ಅಭಿಪ್ರಾಯ ಹುಡುಗರಿಗೂ ಅಧಿಕಾರಿಗಳಿಗೂ ಒಂದಿಷ್ಟು ಕಹಿಯೇ. ಮೊದಲು ಬ್ರೇಕು, ಆಮೇಲೆ ಕಂಪನಿ ಹೇಳಿದ ಅಳತೆಯ ಒಳ್ಳೆಯ ಟಯರು, ಬಳಿಕ ಹೊಸ ಷಾಕ್ ಅಬ್ಸಾರ್ಬರು. ಇವಿಷ್ಟರಲ್ಲೇ ನನ್ನ ಪಾಲಿಯೋ ಹೊಸ ಕಾರಾಯಿತು. ಸದ್ದಿಗಾಗಿ ಸೈಲೆನ್ಸರು ಕಳಚುವವರ ಮೇಲೆ ನನಗೆ ಕಿಂಚಿತ್ತೂ ಕನಿಕರವಿಲ್ಲ. ಆಸ್ಪತ್ರೆಯ ಮುಂದೆಯೂ ಅವರು ಗುಡುಗುತ್ತಾರೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲವೆಂದಿತು; ಅದೇ ವರ್ಷದ ತಿದ್ದುಪಡಿಯು ಅನಧಿಕೃತ ಮಾರ್ಪಾಟಿಗೆ, ಒಂದೊಂದಕ್ಕೂ, ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸವನ್ನು ಗೊತ್ತುಮಾಡಿತು. ತಪ್ಪೆನ್ನಲಾರೆ. ಆದರೆ ಜರ್ಮನಿಯಲ್ಲಿ ಮಾರ್ಪಾಟು ಮಾಡಿದವನು ತಜ್ಞರ ಮುಂದೆ ಕಾರನ್ನು ನಿಲ್ಲಿಸಿ, ಪರೀಕ್ಷೆಯಲ್ಲಿ ತೇರ್ಗಡೆಯಾದರೆ ದಾಖಲೆಯಲ್ಲಿ ಬರೆಸಿಕೊಳ್ಳಬಹುದು. ಉತ್ಸಾಹಿಗೆ ಅಂಥದ್ದೊಂದು ಸುಲಭದ ಬಾಗಿಲು ನಮ್ಮಲ್ಲೂ ಇದ್ದಿದ್ದರೆ, ನನ್ನ ಹುಡುಗನ ಸ್ಪ್ರಿಂಗುಗಳನ್ನು ಬಲ್ಲವರೊಬ್ಬರು ನೋಡಿ ತಿರಸ್ಕರಿಸುತ್ತಿದ್ದರು. ಪರೀಕ್ಷೆಯೇ ಇಲ್ಲದೆ ಎಲ್ಲರನ್ನೂ ನಪಾಸು ಮಾಡುವುದು ಮೇಷ್ಟ್ರ ಮನಸ್ಸಿಗೆ ಒಗ್ಗದು.

ಬೆಂಗಳೂರಿನ ವಾಹನದಟ್ಟಣೆಗೆ ಗೇರುರಹಿತ ಕಾರೇ ವಾಸಿಯೆಂಬ ಮಗಳ ಮಾತು ಸತ್ಯ. ನನ್ನ ಎಡಮಂಡಿಯೂ ಅವಳ ಪಕ್ಷವನ್ನೇ ವಹಿಸಿದೆ. 2027ರಲ್ಲಿ ಪಾಲಿಯೋದ ನೋಂದಣಿ ಮತ್ತೊಮ್ಮೆ ನವೀಕರಣಕ್ಕೆ ಬರುತ್ತದೆ. ಆಗ ಅದು ತೇರ್ಗಡೆಯಾಗುವುದೋ ನಾನು ಆಗುವೆನೋ ಕಾಣೆ. ಮೊಮ್ಮಗನಿಗೆ ಕಲಿಸಬೇಕೆಂದರೆ ಈ ರಜೆಯಲ್ಲೇ ಕಲಿಸಬೇಕು, ಮತ್ತು ಈ ಬಾರಿ ಪಾಠವನ್ನು ಪೂರ್ತಿ ಹೇಳಬೇಕು.

ನಿನ್ನೆ ಆ ಹಳೆಯ ವಿದ್ಯಾರ್ಥಿಗೆ ದೂರವಾಣಿ ಮಾಡಿದೆ. ಈಗ ಅವನದೇ ಗ್ಯಾರೇಜಿದೆ. ವಿಷಯ ತಿಳಿಸಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಭಾನುವಾರ ನಾನೂ ಬರುತ್ತೇನೆ. ಮೊದಲು ಬ್ರೇಕಿನ ಎಣ್ಣೆ ಬದಲಾಯಿಸೋಣ, ಆಮೇಲೆ ಹುಡುಗ ಸೀಟಿನಲ್ಲಿ ಕೂರಲಿ" ಎಂದ. ಮಗಳಿಗೆ ಇದನ್ನಿನ್ನೂ ಹೇಳಿಲ್ಲ. ಈ ಬರಹವನ್ನು ಅವಳು ಓದುತ್ತಾಳೆ, ಬಲ್ಲೆ.