ಪಯಣಿಗನ ವಿವೇಕ

ಸಾಂಕ್ರಾಮಿಕ ರೋಗ ಹಬ್ಬಿದ ಕಾಲದಲ್ಲಿ ಪ್ರಯಾಣ ಹೊರಡಬೇಕೆ, ಇದ್ದಲ್ಲಿಯೇ ಇರಬೇಕೆ ಎಂಬ ಪ್ರಶ್ನೆಗೆ ಮನುಷ್ಯನು ವಿಚಾರಮಾಡಿ ಉತ್ತರ ಕಂಡುಕೊಳ್ಳುವುದು ಅಪರೂಪ. ಬಹುಮಟ್ಟಿಗೆ ಭಯ ಮತ್ತು ಅಭ್ಯಾಸಗಳೇ ಅವನ ಪರವಾಗಿ ತೀರ್ಮಾನಿಸಿಬಿಡುತ್ತವೆ. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ತಾಲ್ಲೂಕುಗಳ ಬೆಟ್ಟದ ಸೀಮೆ ಇದಕ್ಕೆ ಒಳ್ಳೆಯ ನಿದರ್ಶನ.

ಕಳೆದ ಶತಮಾನದ ಪೂರ್ವಾರ್ಧದಲ್ಲಿ ಬಯಲುಸೀಮೆಯವರು ಮಲೆನಾಡಿಗೆ ಹೋಗಲು ಅಂಜುತ್ತಿದ್ದರು. ತೊರೆಗಳ ತಿಳಿನೀರಿನಲ್ಲಿ ಹುಟ್ಟುವ ಸೊಳ್ಳೆಗಳು ಅಲ್ಲಿ ಮಲೇರಿಯಾ ಹರಡುತ್ತಿದ್ದವು. ಕಾಫಿ ತೋಟಗಳಿಗೆ ದುಡಿಯಲು ಬಂದವರು ಚಳಿಜ್ವರದಿಂದ ನರಳುತ್ತಿದ್ದರು. ಡಿ.ಡಿ.ಟಿ. ಸಿಂಪಡಣೆ ಬಂದ ಮೇಲೆ ಆ ಭೀತಿ ಕ್ರಮೇಣ ತಗ್ಗಿತು. 2020ರಲ್ಲಿ ಕೊರೋನಾ ಬಂದಾಗ ಅದೇ ಬೆಟ್ಟಗಳು ಆಶ್ರಯಸ್ಥಾನವೆನಿಸಿದವು. ಆ ವರ್ಷದ ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್‌ಗೆ ಒಳಗಾಯಿತು. ನಗರಗಳಲ್ಲಿದ್ದವರ ಮನಸ್ಸು ಊರಿನ ಕಡೆಗೆ ತಿರುಗಿತು. 2021ರ ಏಪ್ರಿಲ್ 27ರ ರಾತ್ರಿಯಿಂದ ರಾಜ್ಯದಲ್ಲಿ ಮತ್ತೆ ನಿರ್ಬಂಧ ಜಾರಿಯಾಗುವುದೆಂದು ತಿಳಿದಾಗಲೂ ಬೆಂಗಳೂರಿನಿಂದ ಜನ ಗುಂಪುಗುಂಪಾಗಿ ಹೊರಟರು.

ಈ ನಿರ್ಧಾರಗಳ ಹಿಂದೆ ಕೆಲವು ಭ್ರಮೆಗಳಿದ್ದವು. ಬೆಟ್ಟದ ಗಾಳಿ ಶುದ್ಧವಾದುದರಿಂದ ಅಲ್ಲಿ ರೋಗವಿಲ್ಲ ಎಂಬುದು ಮೊದಲನೆಯದು. ಅಪರಿಚಿತರಿಂದ ಮಾತ್ರ ಅಪಾಯ, ನೆಂಟರಿಷ್ಟರಿಂದಲ್ಲ ಎಂಬುದು ಎರಡನೆಯದು. ಬಸ್ಸಿನಲ್ಲಿ ಎಚ್ಚರಿಕೆಯಿಂದ ಮುಖಗವಸು ಧರಿಸಿ ಬಂದವನು ಅಜ್ಜಿಯ ಮನೆಯ ಜಗಲಿ ಏರಿದೊಡನೆ ಅದನ್ನು ತೆಗೆದಿಡುತ್ತಿದ್ದನು. ‘ನನಗೆ ಜ್ವರವಿಲ್ಲ, ಆದ್ದರಿಂದ ನಾನು ನಿರೋಗಿ’ ಎಂಬುದು ಮೂರನೆಯ ಭ್ರಮೆ. ಕೊರೋನಾ ಸೋಂಕು ರೋಗಲಕ್ಷಣಗಳು ತೋರುವ ಮೊದಲೇ ಒಬ್ಬರಿಂದ ಒಬ್ಬರಿಗೆ ದಾಟಬಲ್ಲದು.

ಮಲೇರಿಯಾ ಕಾಲದ ಪಯಣಿಗನು ಮುಖ್ಯವಾಗಿ ತನ್ನ ಪ್ರಾಣಕ್ಕೆ ಅಂಜಿದರೆ ಸಾಕಾಗಿತ್ತು. ಕೊರೋನಾ ಕಾಲದ ಪಯಣಿಗನಾದರೋ ತಾನೇ ರೋಗವನ್ನು ಹೊತ್ತೊಯ್ಯುವ ಸಂಭವವಿತ್ತು. ಬೆಟ್ಟದ ಒಂಟಿಮನೆಯ ವೃದ್ಧರಿಗೆ ಉಸಿರಾಟದ ತೊಂದರೆ ಉಲ್ಬಣಿಸಿದರೆ ಘಟ್ಟದ ರಸ್ತೆಗಳನ್ನು ಹಾದು ಸಕಲೇಶಪುರಕ್ಕೆ, ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಹಾಸನಕ್ಕೆ ಕರೆದೊಯ್ಯಬೇಕು. ನಗರದವನು ತನ್ನ ನೆಮ್ಮದಿಗಾಗಿ ಹುಡುಕಿದ ದೂರವೇ ಅವರ ಪಾಲಿಗೆ ಗಂಡಾಂತರವಾಗುತ್ತಿತ್ತು.

ಹಾಗೆಂದು ಊರಿಗೆ ಮರಳಿದವರೆಲ್ಲ ಅವಿವೇಕಿಗಳೆನ್ನಲಾಗದು. ಕೂಲಿ ಕಳೆದುಕೊಂಡು, ಬಾಡಿಗೆ ತೆರಲಾರದವನಿಗೆ ಊರಲ್ಲದೆ ಬೇರೆ ಗತಿ ಇರಲಿಲ್ಲ. ದಾರಿಗೆ ಮುಳ್ಳುಬೇಲಿ ಹಾಕಿ ಅಂಥವನನ್ನು ತಡೆದ ಗ್ರಾಮಗಳದು ಭಯವೇ ಹೊರತು ವಿವೇಕವಲ್ಲ. ಬರುವವನು ಮುಂಚಿತವಾಗಿ ತಿಳಿಸಬೇಕು. ಊರಿನವರು ತೋಟದ ಮನೆಯಲ್ಲೋ ಶಾಲೆಯಲ್ಲೋ ಎಡೆಮಾಡಿಕೊಟ್ಟು, ನಿಗದಿತ ದಿನಗಳವರೆಗೆ ಊಟವನ್ನು ಬಾಗಿಲಿಗೆ ಮುಟ್ಟಿಸಬೇಕು. ಇಬ್ಬರ ರಕ್ಷಣೆಯೂ ಇದರಲ್ಲಿ ಅಡಗಿದೆ.

‘ಅಲ್ಲಿ ನನಗೆ ಏನಾದೀತು?’ ಎಂದು ಕೇಳಿಕೊಳ್ಳುವುದು ಎಲ್ಲ ಜೀವಿಗಳಿಗೂ ಸಹಜ. ‘ನನ್ನಿಂದ ಅಲ್ಲಿಯವರಿಗೆ ಏನಾದೀತು?’ ಎಂದೂ ಕೇಳಿಕೊಂಡು ಹೊರಡುವವನೇ ವಿವೇಕಿ.